ಗೌಟ್ ಇದ್ದವರು ತೊಗರಿಬೇಳೆ ಬಿಡಬೇಕಾಗಿಲ್ಲ

‘ಯೂರಿಕ್ ಆಮ್ಲ ಹೆಚ್ಚಿದ್ದರೆ ತೊಗರಿಬೇಳೆ ವಿಷ, ಅದನ್ನು ಬಿಟ್ಟರೆ ಮಾತ್ರೆಯೂ ಬೇಡ’ ಎಂಬ ಸಂದೇಶ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ರಕ್ತದಲ್ಲಿ ಯೂರಿಕ್ ಆಮ್ಲ ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಹರಳುಗಟ್ಟಿ ಕೀಲುಗಳಲ್ಲಿ ಕೂರಬಹುದು. ಆಗ ಕಾಲಿನ ಹೆಬ್ಬೆರಳ ಬುಡ ರಾತ್ರೋರಾತ್ರಿ ಊದಿ, ಹೊದಿಕೆ ತಾಗಿದರೂ ಜೀವ ಹಿಂಡುತ್ತದೆ. ಇದೇ ಗೌಟ್. ಈ ಆಮ್ಲ ಹುಟ್ಟುವುದು ದೇಹದಲ್ಲೂ ಆಹಾರದಲ್ಲೂ ಇರುವ ರಾಸಾಯನಿಕವಾದ ಪ್ಯೂರಿನ್‌ನಿಂದ. ಬೇಳೆಯಲ್ಲಿ ಅದು ಇರುವುದೂ ನಿಜ. ಆದರೆ 47,000ಕ್ಕೂ ಹೆಚ್ಚು ಪುರುಷರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಗೌಟ್ ಅಪಾಯ ಹೆಚ್ಚಿದ್ದು ಮಾಂಸ, ಮೀನು ಹೆಚ್ಚು ತಿನ್ನುವವರಲ್ಲಿ. ಪ್ಯೂರಿನ್ ಹೆಚ್ಚಿರುವ ಕಾಳು, ತರಕಾರಿಗಳಿಂದ ಅಪಾಯ ಹೆಚ್ಚಲಿಲ್ಲ.

ತೊಗರಿಯ ನಾಡಿನಲ್ಲೇ ಬಡವರ ತಟ್ಟೆಯಿಂದ ಪ್ರೋಟೀನ್ ಕಸಿಯುವ ಈ ಸಂದೇಶ ನನಗೆ ಸಿಟ್ಟು ತರಿಸುತ್ತದೆ. ದೂರವಿಡಬೇಕಾದದ್ದು ಬಿಯರ್, ಸಕ್ಕರೆ ತುಂಬಿದ ತಂಪು ಪಾನೀಯ, ಕುರಿಯ ಲಿವರ್. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನೀರು ಕಡಿಮೆಯಾದರೂ ನೋವು ಕೆರಳಬಹುದು. ನೀರು, ಮಜ್ಜಿಗೆ ಧಾರಾಳವಾಗಿರಲಿ. ತೂಕ ಇಳಿಸಿ, ಆದರೆ ಉಪವಾಸ ಮಾಡಿ ಅಲ್ಲ.

ಯೂರಿಕ್ ಆಮ್ಲ ಇಳಿಸಲು ವೈದ್ಯರು ಕೊಟ್ಟ ಅಲೊಪ್ಯೂರಿನಾಲ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಬೇಳೆ, ನೀರು ಎರಡರ ಪ್ರಮಾಣವನ್ನೂ ವೈದ್ಯರನ್ನೇ ಕೇಳಿ ನಿರ್ಧರಿಸಿ.