ಕಟ್ಟೋ ಕೈ ಕೋಲಾರದಲ್ಲಿದೆ, ನಂಬರ್ ಪ್ಲೇಟ್ ಕೊಡೋರು ಯಾರು?

ವೇಗದ ಎಲೆಕ್ಟ್ರಿಕ್ ಬೈಕ್ ಬೇಕು, ಅದಕ್ಕೆ ನಂಬರ್ ಪ್ಲೇಟೂ ಇರಬೇಕು ಅಂದರೆ ಕೋಲಾರದಲ್ಲಿ ಕೊಂಡುಕೊಳ್ಳುವುದೇ ಸರಿ. ಕಟ್ಟೋಕೆ ಹೋಗಬಾರದು. ಬೇಜಾರಿನಿಂದಲೇ ಈ ಮಾತು ಹೇಳುತ್ತಿದ್ದೇನೆ. ಯಾಕೆಂದರೆ ಕಟ್ಟುವ ಕೈಗಳಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಬೋರ್‌ವೆಲ್ ಕೊರೆಸುವ ಸೀಮೆ ನಮ್ಮದು. ಸುಟ್ಟ ಮೋಟಾರು ಮೇಲೆತ್ತಿ ತಂದುಕೊಟ್ಟರೆ ತಾಮ್ರದ ತಂತಿ ಸುತ್ತಿ ಮತ್ತೆ ಓಡಿಸಿಕೊಡುವ ರಿವೈಂಡಿಂಗ್ ಅಂಗಡಿಗಳು ಊರೂರಲ್ಲಿವೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಭಾರಿ ಯಂತ್ರ ಮಾಡುವ ಬೆಮೆಲ್ ಕಾರ್ಖಾನೆ ಇದೆ. ಒಳ್ಳೆ ವೆಲ್ಡರ್‌ಗಳು, ಲೇತ್ ಕೆಲಸದವರು ಇದ್ದಾರೆ. ನಾನಿರುವ ಜರ್ಮನಿಯ ಸ್ಟುಟ್‌ಗಾರ್ಟ್ ಕಾರಿನ ಊರು. ಆದರೂ ಇಲ್ಲಿ ಬೀದಿ ಬದಿಯಲ್ಲಿ ಕೂತು ಮೋಟಾರು ಬಿಚ್ಚುವವರು ಕಣ್ಣಿಗೆ ಬೀಳಲ್ಲ. ಬಿಚ್ಚೋಕೆ ಮೊದಲೇ ಹೊಸದರ ಬೆಲೆ ಹೇಳುತ್ತಾರೆ.

ಈ ವಿಷಯ ತಲೆಗೆ ಹತ್ತಿದ್ದು ಅಕ್ಕನ ಮಗನಿಂದ. ಅವನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಕೋಲಾರದಿಂದ ಹೆದ್ದಾರಿಯಲ್ಲಿ ಹದಿನೈದು ಕಿಲೋಮೀಟರ್ ಆಸುಪಾಸು. ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಎಲೆಕ್ಟ್ರಿಕ್ ಬೈಕ್ ಕಟ್ಟೋಕೆ ಬೇಕಾದ ಸಾಮಾನಿನ ಉದ್ದ ಪಟ್ಟಿ ಕಳಿಸಿದ. ಹಿಂದೆಯೇ ಫೋನು.

"ಮಾವಾ, ಶೋರೂಮಲ್ಲಿ ಒಂದೂವರೆ ಲಕ್ಷ ಕೇಳ್ತಾರೆ. ನಾನೇ ಕಟ್ಟಿದ್ರೆ ಅದರಲ್ಲಿ ಅರ್ಧ. ಸ್ಪೀಡೂ ಜಾಸ್ತಿ ಬರುತ್ತೆ."

ಪಟ್ಟಿ ಚೆನ್ನಾಗಿಯೇ ಇತ್ತು. 72 ವೋಲ್ಟ್, 3000 ವಾಟ್ ಹಬ್ ಮೋಟಾರು, ಅಂದರೆ ಚಕ್ರದ ನಡುವೆಯೇ ಕೂರುವಂಥದ್ದು. ಮೋಟಾರಿಗೆ ಹೋಗುವ ಕರೆಂಟು ಹಿಡಿತದಲ್ಲಿಡುವ, ಅದಕ್ಕೆ ಹೊಂದುವ ಕಂಟ್ರೋಲರ್. ಬ್ಯಾಟರಿಗೆ 21700 ಸೈಜಿನ 140 ಲಿಥಿಯಂ ಸೆಲ್. ಒಂದರ ಹಿಂದೆ ಒಂದು 20 ಸಾಲು, ಸಾಲಿಗೆ ಏಳು ಸೆಲ್. ಒಂದೊಂದು 5 ಆಂಪಿಯರ್ ಅವರ್ ಅಂದರೆ ಎರಡೂವರೆ ಕಿಲೋವಾಟ್ ಅವರ್ ಆಗುತ್ತದೆ. ಕಿಲೋಮೀಟರಿಗೆ 30 ವಾಟ್ ಅವರ್ ಖರ್ಚಾದರೂ ಎಂಬತ್ತು ಕಿಲೋಮೀಟರ್ ಓಡುತ್ತದೆ. ಡ್ಯೂಟಿಗೆ ಹೋಗಿ ಬಂದು, ಸಂಜೆ ಬಂಗಾರಪೇಟೆಗೆ ಪಾನಿಪುರಿ ತಿನ್ನೋಕೂ ಸಾಕು. ಲೆಕ್ಕದಲ್ಲಿ ಹುಡುಗ ಎಲ್ಲೂ ಎಡವಿಲ್ಲ.

ಆದರೆ ಈ ಪಟ್ಟಿಯನ್ನು ಅವನು ಕೂರಿಸಬೇಕು ಅಂತಿದ್ದದ್ದು ಸೈಕಲ್ ಫ್ರೇಮಿಗೆ. ಅಲ್ಲಿ ನನಗೆ ಎದೆ ಝಲ್ ಅಂದಿತು. ಹಬ್ ಮೋಟಾರಿನ ಅಚ್ಚು, ಅಂದರೆ ಆಕ್ಸಲ್, ಸೈಕಲ್ಲಿನ ಹಿಂದಿನ ಸೀಳಿನಲ್ಲಿ ಕೂರುತ್ತದೆ. ಅಚ್ಚಿನ ಎರಡು ಬದಿ ಚಪ್ಪಟೆ ಉಜ್ಜಿರುತ್ತಾರೆ, ತಿರುಗದೆ ಕಚ್ಚಿಕೊಂಡಿರಲಿ ಅಂತ. ಚಕ್ರ ಮುಂದಕ್ಕೆ ತಿರುಗುವಾಗ ಅಚ್ಚು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗೋಕೆ ನೋಡುತ್ತದೆ. ತುಳಿಯುವ ಕಾಲಿಗೆ ಅಂತ ಮಾಡಿದ ಆ ಸೀಳು ಮೂರು ಕಿಲೋವಾಟ್ ತಡೆಯುತ್ತಾ? ಅಲ್ಯೂಮಿನಿಯಂ ಆದರೆ ಮೆಲ್ಲಗೆ ಅಗಲವಾಗುತ್ತಾ ಹೋಗುತ್ತದೆ. ಒಂದು ದಿನ ಅಚ್ಚು ಗಿರ್ ಅಂತ ತಿರುಗಿ, ಮೋಟಾರಿನ ವೈರು ಸುತ್ತಿಕೊಂಡು ಹರಿದು, ಚಕ್ರ ಕಳಚುತ್ತದೆ. ಹೆದ್ದಾರಿಯಲ್ಲಿ ಹಿಂದೆ ಟೊಮೇಟೊ ಲಾರಿ ಬರುತ್ತಿರುತ್ತದೆ. ಇದಕ್ಕೆ ಮದ್ದು ಟಾರ್ಕ್ ಆರ್ಮ್. ಅಚ್ಚನ್ನು ಹಿಡಿದು ಫ್ರೇಮಿಗೆ ಬಿಗಿಯುವ ದಪ್ಪ ಉಕ್ಕಿನ ಪಟ್ಟಿ, ಎರಡೂ ಬದಿಗೆ. ಲೇತ್ ಅಂಗಡಿಯಲ್ಲಿ ಮಾಡಿಸಬಹುದು. ಹಾಗಾದರೂ ಬ್ರೇಕು? ವೇಗ ಎರಡು ಪಟ್ಟಾದರೆ ನಿಲ್ಲಿಸಬೇಕಾದ ಶಕ್ತಿ ನಾಲ್ಕು ಪಟ್ಟು. ಗಾಳಿ ಸೀಳೋಕೆ ಮೋಟಾರಿಗೆ ಬೇಕಾಗುವ ಶಕ್ತಿ ಎಂಟು ಪಟ್ಟು. ಗಂಟೆಗೆ 25 ಕಿಲೋಮೀಟರಿನಲ್ಲಿ ಹೋಗುವ ಸೈಕಲ್ಲಿಗೂ 50ರಲ್ಲಿ ಹೋಗುವ ಗಾಡಿಗೂ ನಡುವಿನ ದೂರ ನಂಬರಿನಲ್ಲಿ ಕಾಣುವಷ್ಟು ಸಣ್ಣದಲ್ಲ.

ಬ್ಯಾಟರಿ ಇನ್ನೂ ಸೂಕ್ಷ್ಮ. 72 ಅನ್ನೋದು ಹೆಸರಿಗೆ. ತುಂಬಿದಾಗ ಅದು 84 ವೋಲ್ಟ್ ಡಿಸಿ. ಸೆಲ್ಲುಗಳನ್ನು ಜೋಡಿಸುವ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡುವಾಗ ಒಂದು ಚೂರು ಜಾರಿ ಪಕ್ಕದ ಸಾಲಿಗೆ ತಗುಲಿದರೆ ಪಟಾಕಿ. 2022ರ ಬೇಸಿಗೆಯಲ್ಲಿ ಸ್ಕೂಟರ್‌ಗಳು ಸಾಲಾಗಿ ಹೊತ್ತಿಕೊಂಡ ಮೇಲೆ ಎಐಎಸ್ 156 ಅನ್ನೋ ಬ್ಯಾಟರಿ ಸುರಕ್ಷತೆಯ ಮಾನದಂಡವನ್ನು ಸರ್ಕಾರ ಬಿಗಿ ಮಾಡಿತು. ಮೊದಲ ಹಂತ 2022ರ ಡಿಸೆಂಬರ್‌ನಲ್ಲಿ, ಎರಡನೆಯದು 2023ರ ಮಾರ್ಚ್ ಕೊನೆಗೆ ಬಂತು. ಬ್ಯಾಟರಿ ಪ್ಯಾಕನ್ನು ನೀರಲ್ಲಿ ಮುಳುಗಿಸಿ ನೋಡುತ್ತಾರೆ. ಒಂದು ಸೆಲ್ ಕೆಟ್ಟರೆ ಬೆಂಕಿ ಪ್ಯಾಕಿಗೆಲ್ಲ ಹಬ್ಬುತ್ತಾ ಅಂತಲೂ ನೋಡುತ್ತಾರೆ. ಮನೆಯ ನಡುಮನೆಯಲ್ಲಿ ಕಟ್ಟಿದ ಪ್ಯಾಕನ್ನು ಹೀಗೆ ಯಾರು ಮುಳುಗಿಸಿ ನೋಡಿದ್ದಾರೆ? ಅದನ್ನು ರಾತ್ರಿ ಚಾರ್ಜಿಗೆ ಹಾಕೋದು ಅಕ್ಕ, ಭಾವ ಮಲಗುವ ಕೋಣೆಯ ಪಕ್ಕದಲ್ಲೇ ತಾನೆ.

ಇಷ್ಟನ್ನೂ ಒಬ್ಬ ಬುದ್ಧಿವಂತ ಹುಡುಗ ಸರಿಮಾಡಿಕೊಳ್ಳಬಹುದು. ನನ್ನ ತಕರಾರು ಇರುವುದು ಸರಿಮಾಡಿಕೊಂಡ ಮೇಲೆ ಏನಾಗುತ್ತೆ ಅನ್ನೋದರಲ್ಲಿ.

ಇಲ್ಲಿ ಜರ್ಮನಿಯಲ್ಲಿ ಮೆಟ್ಟಿಲುಗಳಿವೆ. ಕೆಳಗಿನದು 250 ವಾಟ್, ತುಳಿದರೆ 25ರವರೆಗೆ ಸಹಾಯ ಮಾಡುವ ಸೈಕಲ್. ಲೈಸೆನ್ಸ್ ಬೇಡ, ಪ್ಲೇಟ್ ಬೇಡ. ಅದರ ಮೇಲಿನದು 45ರವರೆಗೆ ಹೋಗುವ ಸ್ಪೀಡ್ ಪೆಡಲೆಕ್, ಇದೂ ತುಳಿಯುವ ಸೈಕಲ್ಲೇ. ಇದಕ್ಕೆ ಹೆಲ್ಮೆಟ್ ಬೇಕು, ಮೊಪೆಡ್ ಲೈಸೆನ್ಸ್ ಬೇಕು. ಕಾರಿನ ಲೈಸೆನ್ಸ್ ಇದ್ದವರಿಗೆ ಅದು ಜೊತೆಯಲ್ಲೇ ಬಂದಿರುತ್ತದೆ. ಪ್ಲೇಟಿಗೆ ಆರ್‌ಟಿಒ ಥರದ ಕಚೇರಿಗೆ ಹೋಗಬೇಕಿಲ್ಲ. ಇನ್ಶೂರೆನ್ಸ್ ಕಂಪನಿಯೇ ಕೈಯಗಲದ ಪ್ಲೇಟ್ ಕೊಡುತ್ತದೆ. ಪ್ರತಿ ಮಾರ್ಚ್ 1ಕ್ಕೆ ಹೊಸದು ಹಾಕಬೇಕು, ಬಣ್ಣ ಕಪ್ಪು, ನೀಲಿ, ಹಸಿರು ಅಂತ ವರ್ಷಕ್ಕೊಂದು. ದೂರದಿಂದ ಬಣ್ಣ ನೋಡಿಯೇ ಪೊಲೀಸರಿಗೆ ಗೊತ್ತಾಗಿಬಿಡುತ್ತದೆ. ಬೆಲೆ ಮಾತ್ರ ಕೇಳಬೇಡಿ. ಆ ದುಡ್ಡಿಗೆ ಕೋಲಾರದಲ್ಲಿ ಎರಡು ಮೂರು ಸ್ಕೂಟರ್ ಬರುತ್ತವೆ. ಅಷ್ಟು ಕೊಟ್ಟರೂ ಸೈಕಲ್ ದಾರಿಯಲ್ಲಿ ಬಿಡಲ್ಲ, ಕಾರುಗಳ ಮಧ್ಯೆ ಓಡಿಸಬೇಕು. ಪಕ್ಕದ ಟ್ಯೂಬಿಂಗನ್‌ನವರು ಮಾತ್ರ ಕೆಲವು ಸೈಕಲ್ ದಾರಿಗಳನ್ನು ಇವುಗಳಿಗೂ ತೆರೆದಿದ್ದಾರೆ.

ಕಟ್ಟುವವನಿಗೂ ಇಲ್ಲಿ ಒಂದು ದಾರಿ ಇದೆ. ಇಲ್ಲಿನ ವಾಹನ ನಿಯಮದ 21ನೇ ಕಲಮಿನಲ್ಲಿ ಒಂದೇ ಒಂದು ಗಾಡಿಗೆ ಅನುಮತಿ ಕೇಳಬಹುದು. ಗಾಡಿಯನ್ನು ತಳ್ಳಿಕೊಂಡು ಟ್ಯೂಫ್‌ನಂಥ ವಾಹನ ಪರೀಕ್ಷಾ ಸಂಸ್ಥೆಯ ಪರೀಕ್ಷಕನ ಮುಂದೆ ನಿಲ್ಲಿಸಬೇಕು. ನನ್ನ ಜೊತೆ ಕೆಲಸ ಮಾಡುವ ಒಬ್ಬ ಹೀಗೆ ವಿಚಾರಿಸಿಕೊಂಡು ಬಂದ. ಫ್ರೇಮ್ ಎಷ್ಟು ಭಾರ ತಡೆಯುತ್ತೆ, ಕಾಗದ ತೋರಿಸು. ಬ್ರೇಕು, ದೀಪ, ಟೈರ್, ಕನ್ನಡಿ ಎಲ್ಲದರ ಮೇಲೂ ಒಪ್ಪಿಗೆಯ ಮುದ್ರೆ ಇದೆಯಾ? ಮೋಟಾರು, ಕಂಟ್ರೋಲರ್ ಸುತ್ತಲಿನ ರೇಡಿಯೋ ಅಲೆಗಳಿಗೆ ತೊಂದರೆ ಕೊಡಲ್ಲ ಅಂತ ಲ್ಯಾಬಿನ ವರದಿ ಎಲ್ಲಿ? ಖರ್ಚು ಕೂಡಿಸಿ ನೋಡಿದ, ತಲೆ ಕೆರೆದುಕೊಂಡ, ಅಂಗಡಿಯಿಂದಲೇ ತಂದ. ಅಂದರೆ ಇಲ್ಲೂ ಕೊಳ್ಳೋದೇ ಅಗ್ಗ. ಆದರೆ ಬೇಡ ಅಂದದ್ದು ಅವನು, ಕಚೇರಿ ಅಲ್ಲ.

ನಮ್ಮಲ್ಲಿ ಕೆಳಗಿನ ಮೆಟ್ಟಿಲು ಹೆಚ್ಚುಕಡಿಮೆ ಇದೇ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ 250 ವಾಟ್‌ಗಿಂತ ಕಡಿಮೆ, ವೇಗ 25ರ ಒಳಗೆ, ಬ್ಯಾಟರಿ ಬಿಟ್ಟು 60 ಕೆಜಿ ಮೀರದ ಗಾಡಿ ಮೋಟಾರು ವಾಹನವೇ ಅಲ್ಲ. ಆದರೆ ಅದಕ್ಕೂ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇರಬೇಕು ಅನ್ನೋದನ್ನು ಜನ ಓದುವುದಿಲ್ಲ. 25 ದಾಟಿತೋ, ರಿಜಿಸ್ಟ್ರೇಷನ್, ಲೈಸೆನ್ಸ್, ಇನ್ಶೂರೆನ್ಸ್, ಹೆಲ್ಮೆಟ್ ಎಲ್ಲವೂ ಬೇಕು. ರಿಜಿಸ್ಟ್ರೇಷನ್‌ಗೆ ಮಾರಿದವರ ಫಾರಂ 21 (ಮಾರಾಟದ ಪತ್ರ), ತಯಾರಿಸಿದವರ ಫಾರಂ 22 (ಗಾಡಿ ರಸ್ತೆಗೆ ಯೋಗ್ಯ ಅನ್ನೋ ಪತ್ರ) ಕೇಳುತ್ತಾರೆ. ನಮ್ಮ ಹುಡುಗನಿಗೆ ಫಾರಂ 22 ಕೊಡೋರು ಯಾರು? ಅವನೇ ತಯಾರಕ. ತಯಾರಕ ಅಂದರೆ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆಗೆ ಮಾದರಿ ಕೊಟ್ಟು ಟೈಪ್ ಅಪ್ರೂವಲ್, ಅಂದರೆ ಆ ಮಾದರಿಗೆ ಒಪ್ಪಿಗೆ ಪಡೆಯಬೇಕು. ಚೆನ್ನೈ ಹತ್ತಿರದ ಒರಗಡಂನಲ್ಲೂ ಅಂಥದ್ದೊಂದು ಕೇಂದ್ರ ಇದೆ. ಸಾವಿರಗಟ್ಟಲೆ ಗಾಡಿ ಮಾಡುವವರಿಗೆ ಆ ಖರ್ಚು ಹಂಚಿಹೋಗುತ್ತದೆ. ಒಂದು ಗಾಡಿ ಕಟ್ಟಿದವನಿಗೆ?

ಹಳೇ ಪೆಟ್ರೋಲ್ ಬೈಕಿಗೆ ಎಲೆಕ್ಟ್ರಿಕ್ ಕಿಟ್ ಹಾಕಿಸೋಣ ಅಂದರೆ ಅದೊಂದು ನಡುದಾರಿ. ಎಐಎಸ್ 123 ಅನ್ನೋ ಮಾನದಂಡದ ಪ್ರಕಾರ ಒಪ್ಪಿಗೆ ಪಡೆದ ಕಿಟ್ ಇರಬೇಕು. ಅದೂ ನಿಮ್ಮ ಬೈಕಿನ ಮಾದರಿಗೇ ಒಪ್ಪಿಗೆ ಆಗಿರಬೇಕು. ಅಧಿಕೃತ ಕಡೆ ಕೂರಿಸಿ, ಆರ್‌ಸಿಯಲ್ಲಿ ಇಂಧನ ಬದಲಿಸಿಕೊಳ್ಳಬೇಕು. ಸುಮ್ನೆ ಎಂಜಿನ್ ಇಳಿಸಿ ಮೋಟಾರು ಕೂರಿಸಿದರೆ 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿದೆ. ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ದಂಡ ಕಟ್ಟಿ ಕೈತೊಳೆದುಕೊಳ್ಳಬಹುದು ಅಂತ ಹುಡುಗರು ಅಂದುಕೊಳ್ಳುತ್ತಾರೆ. ನನಗೆ ಭಯ ಅದಲ್ಲ. ನಂಬರ್ ಇಲ್ಲದ ಗಾಡಿಗೆ ಇನ್ಶೂರೆನ್ಸ್ ಇಲ್ಲ. ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ಯಾರಿಗಾದರೂ ಗುದ್ದಿದರೆ ಪರಿಹಾರದ ಹಣ ಕೊಡೋಕೆ ಯಾವ ಕಂಪನಿಯೂ ಇರಲ್ಲ. ಕೋರ್ಟ್ ಕೇಳುವುದು ಗಾಡಿಯ ಯಜಮಾನನನ್ನೇ. ನಮ್ಮ ಕಡೆ ಅದರರ್ಥ ಅಪ್ಪನ ಒಂದೆರಡು ಎಕರೆ ಹೋಗುತ್ತದೆ ಅಂತ. ಅರ್ಧ ಬೆಲೆ ಉಳಿಸೋಕೆ ಹೋಗಿ ಜಮೀನು ಪಣಕ್ಕಿಡೋದು ಬೇಕಾ? ಜರ್ಮನಿಯಲ್ಲಂತೂ ಇನ್ಶೂರೆನ್ಸ್ ಇಲ್ಲದೆ ಇಂಥ ಗಾಡಿ ಓಡಿಸಿದರೆ ಅದೇ ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು.

ಇನ್ನೊಂದು ಜಾತಿ ಇದೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ನಂಬರ್ ಬೇಡದ 25 ಸ್ಪೀಡಿನ ಸ್ಕೂಟರ್ ಕೊಳ್ಳೋದು, ಆಮೇಲೆ ವೇಗದ ಲಾಕ್ ತೆಗೆಸೋದು. ಕಳೆದ ಸಲ ಊರಿಗೆ ಹೋದಾಗ ಒಂದು ಅಂಗಡಿಯಲ್ಲಿ ನನ್ನೆದುರೇ ಸೀಟಿನ ಕೆಳಗಿನ ಒಂದು ವೈರಿನ ಕನೆಕ್ಟರ್ ಕಿತ್ತು, "ನಲವತ್ತೈದು ಗ್ಯಾರಂಟಿ ಸಾರ್" ಅಂದರು. ಆ ಕ್ಷಣದಿಂದ ಅದು ಕಾನೂನಿನ ಪ್ರಕಾರ ನಂಬರ್ ಇಲ್ಲದ ಮೋಟಾರು ವಾಹನ. ಕೊಂಡವರಿಗೆ ಅದನ್ನು ಯಾರೂ ಹೇಳಿರಲ್ಲ. ಹೈಸ್ಕೂಲು ಮಕ್ಕಳು ಓಡಿಸುತ್ತಿರುತ್ತಾರೆ. ಕಟ್ಟುವ ಹುಡುಗನಿಗೆ ಕನಿಷ್ಠ ತನ್ನ ಗಾಡಿಯ ಒಳಗೇನಿದೆ ಅಂತ ಗೊತ್ತಿರುತ್ತದೆ, ಇವರಿಗೆ ಅದೂ ಇಲ್ಲ.

ಕೊಳ್ಳೋಕೆ ಈಗ ಆಯ್ಕೆಗೆ ಬರವಿಲ್ಲ. ಏಥರ್ 450ಎಕ್ಸ್ 90ರವರೆಗೆ ಹೋಗುತ್ತದೆ. ರಿವೋಲ್ಟ್ ಆರ್‌ವಿ400 ಬೈಕ್ 85. ದುಡ್ಡಿರುವವರಿಗೆ ಬೆಂಗಳೂರಿನದೇ ಅಲ್ಟ್ರಾವಯಲೆಟ್ ಎಫ್77 ಇದೆ, 150 ಮುಟ್ಟುತ್ತದೆ. ಆ ವೇಗಕ್ಕೆ ನಮ್ಮ ರಸ್ತೆ ಎಲ್ಲಿದೆ ಅನ್ನೋದು ಬೇರೆ ಮಾತು. ತಮಾಷೆ ಅಂದರೆ ಹೋಂಡಾದ ಆಕ್ಟಿವಾ ಇ ಮತ್ತು ಕ್ಯೂಸಿ1 ತಯಾರಾಗಿ ಬಂದದ್ದು ಅದೇ ನರಸಾಪುರದಲ್ಲಿ. ಆದರೆ ಆಕ್ಟಿವಾ ಇ ಬ್ಯಾಟರಿಯನ್ನು ಕಂಪನಿಯ ಕೇಂದ್ರದಲ್ಲೇ ಬದಲಿಸಿಕೊಳ್ಳಬೇಕು, ಮನೆಯಲ್ಲಿ ಚಾರ್ಜ್ ಮಾಡೋಕಾಗಲ್ಲ. ಕೇಂದ್ರ ಹತ್ತಿರ ಇದ್ದವರಿಗೆ ಸರಿ. ಕ್ಯೂಸಿ1 ಮನೆಯಲ್ಲೇ ಚಾರ್ಜ್ ಆಗುತ್ತದೆ, ವೇಗ ಮಾತ್ರ 50. ಬ್ಯಾಟರಿ ಗಾಡಿಗಳಿಗೆ ರಿಜಿಸ್ಟ್ರೇಷನ್ ಶುಲ್ಕವನ್ನು 2021ರಲ್ಲೇ ತೆಗೆದಿದ್ದಾರೆ. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರದ ಕೆಎ 07 ಶೋರೂಮಿನಿಂದಲೇ ಬರುತ್ತದೆ.

ಹಾಗಂತ ನಮ್ಮ ವ್ಯವಸ್ಥೆ ಸರಿಯಾಗಿದೆ ಅಂತ ನಾನು ಒಪ್ಪಲ್ಲ. ಮೆಟ್ಟಿಲೇ ಇಲ್ಲದ ಕಡೆ ಹುಡುಗರು ಗೋಡೆ ಹಾರುತ್ತಾರೆ. 45 ಕಿಲೋಮೀಟರ್ ವೇಗದ ಮಿತಿ ಇಟ್ಟು, ಒಂದೇ ಗಾಡಿಗೆ ಅನುಮತಿ ಕೊಡುವ ದಾರಿ ಕೇಂದ್ರದ ನಿಯಮದಲ್ಲಿ ಬರಬೇಕು. ಬ್ಯಾಟರಿ ಮಾತ್ರ ಎಐಎಸ್ 156 ಪಾಸಾದದ್ದೇ ಕೊಂಡು ಹಾಕಲಿ, ಅದನ್ನು ಮನೆಯಲ್ಲಿ ಕಟ್ಟೋದು ಬೇಡ. ಫ್ರೇಮು, ಅಚ್ಚು, ಬ್ರೇಕನ್ನು ಪಾಲಿಟೆಕ್ನಿಕ್‌ನ ಮೇಷ್ಟರೊಬ್ಬರು, ಮೋಟಾರು ವಾಹನ ಇನ್‌ಸ್ಪೆಕ್ಟರೊಬ್ಬರು ಸೇರಿ ನೋಡಲಿ. ಫೀಸು ತಗೊಳ್ಳಲಿ. ನೂರಕ್ಕೆ ತೊಂಬತ್ತು ಫೇಲ್ ಮಾಡಿದರೂ ಪರವಾಗಿಲ್ಲ. ಉಳಿದ ಹತ್ತಕ್ಕೆ ಪ್ಲೇಟ್ ಸಿಗುತ್ತದಲ್ವಾ? ಸಂಸದರಿಗೆ ಅರ್ಜಿ ಕೊಡುವಾಗ ರೈಲು, ನೀರಿನ ಜೊತೆ ಇದನ್ನೂ ಒಂದು ಸಾಲು ಸೇರಿಸಬಹುದು.

ಅಕ್ಕನ ಮಗನಿಗೆ ಹೇಳಿದ್ದು ಇಷ್ಟು. ಮೋಟಾರು, ಕಂಟ್ರೋಲರ್ ತಗೋ, ಕಲಿ, ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ಓಡಿಸು. ಡ್ಯೂಟಿಗೆ ಹೋಗೋಕೆ ಶೋರೂಮಿಂದ ತಗೋ. ಮುಂಗಡಕ್ಕೆ ಒಂದಷ್ಟು ನಾನು ಕೊಡ್ತೀನಿ.

"ಕೊಡ್ತೀಯಾ ಅಂದ್ರೆ ಸರಿ ಮಾವಾ. ಆದ್ರೆ ವಾರಂಟಿ ಮುಗಿದ ಮೇಲೆ ಬಿಚ್ಚಿ ನೋಡ್ತೀನಿ, ಬೇಡ ಅನ್ಬಾರ್ದು" ಅಂದ.