ಪ್ರಗತಿಪರ ಊರಲ್ಲೊಂದು ಬಾಡಿಗೆ ರೂಮು

ನಮ್ಮ ಧಾರವಾಡ ಉದಾರ ಮನಸ್ಸಿನ ಊರು. ವಾರಕ್ಕೊಮ್ಮೆಯಾದರೂ ಯಾವುದೋ ವೇದಿಕೆಯಿಂದ ಯಾರಾದರೂ ಇದನ್ನು ನೆನಪಿಸುತ್ತಲೇ ಇರುತ್ತಾರೆ. 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಿಂದ ಕರ್ನಾಟಕ ಕಾಲೇಜು, 1950ರಲ್ಲಿ ಮುಂಬೈಯಿಂದ ಬಂದು ನೆಲೆಸಿದ ವಿಶ್ವವಿದ್ಯಾಲಯ, ಆಮೇಲೆ ಕೃಷಿ ವಿ.ವಿ., ಈಗ ಐಐಟಿ ಬೇರೆ. ಇಷ್ಟು ಓದಿದ ಊರಲ್ಲಿ ಎಂ.ಎ. ಸೀಟು ಸಿಕ್ಕರೂ ಬಾಡಿಗೆ ರೂಮು ಸಿಗುವುದು ಕಷ್ಟ. ಅದಕ್ಕೊಂದು ಬೇರೆ ವೈವಾ ಇದೆ.

ಮಾಲೀಕರು ನಿವೃತ್ತ ಪ್ರಾಧ್ಯಾಪಕರು ಅಂತಿಟ್ಟುಕೊಳ್ಳಿ. ಕಪಾಟಿನ ತುಂಬ ವಚನ ಸಂಪುಟ, ಗೋಡೆ ಮೇಲೆ ಬಸವಣ್ಣ, ಪಕ್ಕದಲ್ಲಿ ಅಂಬೇಡ್ಕರ್. "ಹೆಸರೇನ್ ತಮ್ಮಾ?" ಹೆಸರಿನಿಂದ ಏನೂ ತಿಳಿಯಲಿಲ್ಲ. "ಅಡ್ಡಹೆಸರು?" ಅದು ಊರಿನ ಹೆಸರು. ಎಲ್ಲರೂ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡಿರುವುದು ನಮ್ಮ ಕಡೆಯ ಒಂದು ಉಪಕಾರ. "ಊರಾಗ ಮನಿ ಯಾವ ಓಣ್ಯಾಗ ಬರ್ತದ?" ಹುಡುಗ ಸಿಕ್ಕಿಬಿದ್ದ. ಜಾತಿ ಕೇಳಲಿಲ್ಲ ನೋಡಿ, ಸರ್ ಅದನ್ನೆಲ್ಲ ನಂಬುವವರೇ ಅಲ್ಲ. "ನಮಗೇನೂ ಇಲ್ಲ ತಮ್ಮಾ, ಮ್ಯಾಲಿನ ಮನಿಯವ್ರು ಭಾಳ ಮಡಿ." ಮೇಲಿನ ಮನೆ ಮೂರು ತಿಂಗಳಿಂದ ಖಾಲಿ ಬಿದ್ದಿದೆ.

ಗೇಟಿನ ಮೇಲೆ 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಬೋರ್ಡು. ಸರ್ ಮಗ ಭಾನುವಾರ ಸಾವಜಿ ಖಾನಾವಳಿಯಲ್ಲಿ ಎಲುಬು ಚೀಪುತ್ತಿರುತ್ತಾನೆ. ಆದರೆ ಅದು ಹುಬ್ಬಳ್ಳಿಯಲ್ಲಿ. 1962ರಲ್ಲೇ ಎರಡೂ ಊರಿಗೆ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದರೂ, ಹೊಟ್ಟೆಯ ವಿಷಯದಲ್ಲಿ ಹುಬ್ಬಳ್ಳಿ ಪರದೇಶವೇ.

ಊರಿಗೆ ಧೈರ್ಯವಿಲ್ಲ ಅಂತಲ್ಲ. 2015ರಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕಲ್ಯಾಣ ನಗರದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದಾಗ ಜನ ಬೀದಿಗೆ ಇಳಿದರು. ಅದನ್ನು ನಗೆಮಾತು ಮಾಡಲಾರೆ. ಬೀದಿಯಲ್ಲಿ ಅಷ್ಟು ಗಟ್ಟಿ ನಿಲ್ಲುವ ನಾವು ಸ್ವಂತ ಗೇಟಿನ ಹತ್ತಿರ ಬಂದಾಗಲೇ ಯಾಕೋ ಮೆತ್ತಗಾಗುತ್ತೇವೆ.

ಹೆಣ್ಣುಮಕ್ಕಳ ಪಿ.ಜಿ. ಗೇಟಂತೂ ರಾತ್ರಿ ಎಂಟಕ್ಕೆ ಬಂದ್. ಮಹಿಳಾ ಸ್ವಾತಂತ್ರ್ಯದ ವಿಚಾರಗೋಷ್ಠಿ ಆರಕ್ಕೆ ಎಂದು ಕಾರ್ಡಿನಲ್ಲಿ ಇರುತ್ತದೆ. ಅತಿಥಿಗಳು ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಬರುವಷ್ಟರಲ್ಲಿ ಏಳು, ಆಮೇಲೆ ಪ್ರಾರ್ಥನೆ, ಹಾರ, ಶಾಲು, ಪ್ರಾಸ್ತಾವಿಕ ಎಲ್ಲ ಮುಗಿದು ಸ್ವಾತಂತ್ರ್ಯದ ಮಾತು ಶುರುವಾಗುವ ಹೊತ್ತಿಗೆ ಹುಡುಗಿಯರೆಲ್ಲ ಚಪ್ಪಲಿ ಹುಡುಕುತ್ತಾ ಹೊರಗೆ ಓಡುತ್ತಿರುತ್ತಾರೆ. ಉಳಿದ ಗಂಡಸರು ಜೋರಾಗಿ ಚಪ್ಪಾಳೆ ಹೊಡೆಯುತ್ತಾರೆ. ಅಧ್ಯಕ್ಷರಿಗೆ ಮಾತ್ರ ಬೇಜಾರು. ಇಂಥ ಕಾರ್ಯಕ್ರಮಕ್ಕೆ ಹೆಣ್ಣುಮಕ್ಕಳೇ ಕೂಡುವುದಿಲ್ಲ ನೋಡ್ರಿ, ಅವರಿಗೆ ಆಸಕ್ತಿನೇ ಇಲ್ಲ ಅಂತಾರೆ.