ಎರಡು ಸುತ್ತು ಸಾಲದು ಸರ್

ಹಗ್ಗ ಹಿಡಿದು ಹತ್ತುವಾಗ ಮುಖ್ಯ ಹಗ್ಗಕ್ಕೆ ಸಣ್ಣ ಹಗ್ಗದ ಕುಣಿಕೆ ಸುತ್ತಿ ಹಾಕುವ, ಭಾರ ಬಿದ್ದರೆ ಕಚ್ಚಿಕೊಳ್ಳುವ ಪ್ರೂಸಿಕ್ ಗಂಟಿಗೆ ಎರಡು ಸುತ್ತು ಸಾಕು, ಯಾವ ಹಗ್ಗವಾದರೂ ನಡೆಯುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದಕ್ಕೆ ನನ್ನ ತಕರಾರಿದೆ. ಚೆನ್ನಾಗಿ ಹಿಡಿತ ಬರಲು ದಪ್ಪದ ವ್ಯತ್ಯಾಸ ಬೇಕಲ್ವಾ? ಮುಖ್ಯ ಹಗ್ಗ 11 ಮಿ.ಮೀ. ಇದ್ದರೆ ಕುಣಿಕೆಗೆ 6 ಮಿ.ಮೀ. ನೈಲಾನ್ ಹಗ್ಗ, ಮೂರು ಸುತ್ತು. ಎರಡೂ ಒಂದೇ ದಪ್ಪವಿದ್ದರೆ ಜಾರುತ್ತದೆ. ಸುತ್ತುಗಳು ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕ ಕೂರಬೇಕು. ಬೆರಳಲ್ಲಿ ಒಪ್ಪ ಮಾಡಿ, ಜಗ್ಗಿ ನೋಡಿ, ಆಮೇಲೆ ಭಾರ ಬಿಡಿ.

ನಮ್ಮ ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಕಡಿಯಲು, ಸಿಲ್ವರ್ ಓಕ್ ಹತ್ತುವ ಹುಡುಗರೂ ಇಂಥ ಲೇಖನ ಓದುತ್ತಾರೆ. ಇಲ್ಲಿನ ಮಳೆ, ಮಂಜಿಗೆ ಹಗ್ಗ ಒದ್ದೆಯಾಗದೆ ಇರುವುದೇ ಕಷ್ಟ. ಒದ್ದೆ ಹಗ್ಗಕ್ಕೆ, ಕೆಸರು ಹತ್ತಿದ ಹಗ್ಗಕ್ಕೆ ಇನ್ನೊಂದು ಸುತ್ತು ಜಾಸ್ತಿ ಹಾಕಿದರೆ ಒಳ್ಳೆಯದು.

ನೀವು ಬಿಟ್ಟಿರುವ ದೊಡ್ಡ ವಿಷಯ ಇನ್ನೊಂದಿದೆ. ಕಾಲು ತಪ್ಪಿದಾಗ ಗಾಬರಿಯಲ್ಲಿ ಕೈ ನೇರ ಗಂಟಿಗೇ ಹೋಗುತ್ತದೆ. ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡರೆ ಅದು ಬಿಗಿಯಾಗುವುದೇ ಇಲ್ಲ, ಕೈಯ ಜೊತೆಗೇ ಕೆಳಗೆ ಜಾರುತ್ತದೆ. ಕೈ ಬಿಟ್ಟರೆ ಮಾತ್ರ ಕಚ್ಚುತ್ತದೆ. ಹಾಗೆ ಜೋರಾಗಿ ಜಾರಿದ ಕುಣಿಕೆ ಬಿಸಿಗೆ ಕರಗಿ ಗಾಜಿನ ಹಾಗೆ ಗಟ್ಟಿಯಾಗಿ ಹೊಳೆಯುತ್ತಿದ್ದರೆ, ದಯವಿಟ್ಟು ಮತ್ತೆ ಬಳಸಬೇಡಿ. ದನ ಕಟ್ಟಲೂ ಬೇಡ!